ಮಿಂಚುಳ್ಳಿಗೆ ದೊಡ್ಡ ತಲೆ ಬಂದ ಬಗೆ

ಭೂಮಿ ಇನ್ನೂ ಹೊಸದಾಗಿದ್ದ ಕಾಲ ಅದು. ಬೆಟ್ಟಗಳನ್ನು ಯಾರೋ ಈಗಷ್ಟೇ ತಟ್ಟಿ ಬಿಸಿಲಿಗೆ ಇಟ್ಟಿದ್ದಾರೇನೋ ಅನ್ನುವಂತೆ, ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಪ್ರಾಣಿ ಪಕ್ಷಿಗಳ ಮೈಯೂ ಹಾಗೆಯೇ, ಹಸಿ ಮಣ್ಣಿನಂತೆ ಮೆತ್ತಗೆ. ಬೇಕೆಂದವರು ಒಂದಿಷ್ಟು ಎಳೆದು, ಒಂದಿಷ್ಟು ಒತ್ತಿ ತಿದ್ದಿಕೊಳ್ಳಬಹುದಿತ್ತು. ಮೊಲ ಕಿವಿ ಎಳೆದುಕೊಂಡದ್ದು ಆಗಲೇ. ಆಮೆ ಬೆನ್ನಿಗೆ ಬೋಗುಣಿ ಕವುಚಿಕೊಂಡದ್ದೂ ಆಗಲೇ. ಎಲ್ಲರಿಗೂ ಒಂದೇ ಮಾತು. ಗಾಳಿ ಆಡಿದ ಮಾತು ಗಿಡಕ್ಕೆ ತಿಳಿಯುತ್ತಿತ್ತು, ಹಕ್ಕಿ ಆಡಿದ ಮಾತು ಮನುಷ್ಯರಿಗೆ ತಿಳಿಯುತ್ತಿತ್ತು.

ಆ ಕಾಲದ ಮಿಂಚುಳ್ಳಿಯನ್ನು ನೋಡಿದ್ದರೆ ನಿನಗೆ ಗುರುತೇ ಸಿಗುತ್ತಿರಲಿಲ್ಲ. ಪುಟ್ಟ ತಲೆ, ಪುಟ್ಟ ಕೊಕ್ಕು, ಉದ್ದನೆಯ ಬಾಲ. ಅಂಗೈ ಮೇಲೆ ಕೂತರೂ ಕೂತಿದೆ ಅನ್ನಿಸದಷ್ಟು ಹಗುರ. ಅದಕ್ಕೆ ಕವಲುತೋಕೆ ಹಕ್ಕಿಯೇ ಜೊತೆಗಾತಿ. ಇಬ್ಬರೂ ಬೆಳಗಾದರೆ ಸಾಕು, ಮೋಡದ ತನಕ ಏರುವುದು, ಅಲ್ಲಿಂದ ಜಾರುವುದು, ಹೊಳೆಯ ಮೇಲೆ ಹಾರುವ ನೊಣ ಹಿಡಿಯುವುದು. ಇಷ್ಟೇ ಬದುಕು.

ಆ ಹೊಳೆ ಒಂದು ಬೆಟ್ಟದ ಬುಡದಲ್ಲಿ ಹರಿಯುತ್ತಿತ್ತು. ಅದು ತಿರುಗುವ ಕಡೆ ಆಳವಾದ ಒಂದು ಮಡು. ಮಡುವಿನ ಮೇಲಿನ ದಿಣ್ಣೆಯಲ್ಲಿ ಮನುಷ್ಯರ ಒಂದು ಹಟ್ಟಿ. ಆ ಹಟ್ಟಿಯಲ್ಲಿ ಬೋರಕ್ಕ ಅನ್ನುವವಳಿದ್ದಳು. ಬಿಲ್ಲು ಬಾಣ ಮಾಡುವುದು ಅವಳ ಕೆಲಸ, ಅಪ್ಪ ಕಲಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಅವನ ದಡಸಲು ಮರದ ಬಿಲ್ಲು ಅವಳಿಗೆ ಬಂತು. ತಮ್ಮ ಕಾಟನನ್ನು ನೋಡಿಕೊಳ್ಳುವ ಹೊಣೆಯೂ ಬಂತು.

ಮನುಷ್ಯರಿಗೆ ಆಗ ಬಿಲ್ಲು ಹೊಸದು. ಹೊಸದಾದ್ದರಿಂದ ಅದರ ಮೇಲೆ ಬಲು ಹುಚ್ಚು. ಯಾರ ಬಾಣ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ದೂರ ಹೋಗುತ್ತದೋ ಅವನೇ ಗಟ್ಟಿಗ. ಅದನ್ನು ತೀರ್ಮಾನ ಮಾಡುವುದು ಗಾಳಿ. ಬಾಣವೊಂದು ಸುಂಯ್ಯೆಂದು ಹೋದರೆ ಗಾಳಿ ಬೆನ್ನ ಹಿಂದೆಯೇ ಓಡಿ, "ಭಲೇ! ಭಲೇ!" ಎಂದು ಕೂಗುತ್ತಿತ್ತು.

ಹಾಗಾಗಿ ಎಲ್ಲರೂ ಬೋರಕ್ಕನ ಹತ್ತಿರ ಬಂದು ಒಂದೇ ಮಾತು ಹೇಳುತ್ತಿದ್ದರು. "ಇನ್ನೂ ಹಗುರ ಮಾಡಿಕೊಡವ್ವ."

ಅವಳು ಮಾಡಿಕೊಟ್ಟಳು. ಮೊದಲು ಬಿದಿರಿನ ಕಡ್ಡಿ. ಆಮೇಲೆ ಹೊಳೆದಡದ ಜೊಂಡು. ಅದಕ್ಕಿಂತ ಆಮೇಲೆ ಬರೀ ಹುಲ್ಲಿನ ದಂಟು, ತುದಿಗೆ ಒಂದು ಮುಳ್ಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಣ ಹೊಳೆಯ ಆಚೆ ಇರುತ್ತಿತ್ತು. ಮೊಲಕ್ಕೆ, ಕವುಜುಗದ ಹಕ್ಕಿಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಮಡುವಿಗೆ ಒಂದು ಕಾಡುಹಂದಿ ಬಂತು.

ಅದು ಸಣ್ಣಪುಟ್ಟ ಹಂದಿಯಲ್ಲ. ಎಲ್ಲರ ಮೈ ಮೆತ್ತಗಿದ್ದ ಆ ಕಾಲದಲ್ಲಿ ತನ್ನ ಮೈ ಮಾತ್ರ ಗಟ್ಟಿ ಇರಬೇಕು ಅನ್ನುವ ಆಸೆ ಅದಕ್ಕೆ. ಮರದ ಅಂಟಿಗೆ ಮೈ ಉಜ್ಜಿ, ಮರಳಿನಲ್ಲಿ ಹೊರಳಿ, ಬಿಸಿಲಿಗೆ ಒಣಗಿ, ಮತ್ತೆ ಉಜ್ಜಿ, ಮತ್ತೆ ಹೊರಳಿ, ಹೆಗಲ ಮೇಲೆ ಬಂಡೆಯಂಥ ಚಕ್ಕೆ ಬೆಳೆಸಿಕೊಂಡಿತ್ತು. ಮಡುವಿನ ದಡದಲ್ಲಿ ಹೊರಳಾಡಿ ನೀರನ್ನೆಲ್ಲ ರಾಡಿ ಮಾಡಿತು. ದಡದ ಜೊಂಡು ತುಳಿದುಹೋಯಿತು, ಅದರ ಜೊತೆಗೆ ನೊಣಗಳೂ ಹೋದವು. ಸಣ್ಣ ಮೀನುಗಳು ಹೆದರಿ ಆಳಕ್ಕಿಳಿದವು. ನೀರಿಗೆ ಬಂದವರನ್ನು ಹಂದಿ ಅಟ್ಟಿಸಿಕೊಂಡು ಬರುತ್ತಿತ್ತು. ಹಟ್ಟಿಯ ಹೆಂಗಸರು ಬೆಟ್ಟದಾಚೆಯ ಒರತೆಗೆ ಹೋಗಿ, ಅರ್ಧ ಕೊಡ ತರುವಷ್ಟರಲ್ಲಿ ಸುಸ್ತಾಗುತ್ತಿದ್ದರು.

ಕಾಟನಿಗೆ ಆಗಷ್ಟೇ ಮೀಸೆ ಚಿಗುರಿತ್ತು. "ನಾನು ನೋಡ್ಕೊಳ್ತೀನಿ ಬಿಡಕ್ಕ" ಎಂದು ಬತ್ತಳಿಕೆ ಏರಿಸಿಕೊಂಡು ಹೊರಟ. ಅವನನ್ನು ನಾಲ್ಕು ಜನ ಹೊತ್ತುಕೊಂಡು ವಾಪಸ್ಸು ಬಂದರು. ತೊಡೆ ಸೀಳಿಹೋಗಿತ್ತು.

ಬೋರಕ್ಕ ಸೊಪ್ಪು ಅರೆದು ಕಟ್ಟಿದಳು, ಬೆಂಕಿಯ ಪಕ್ಕ ಮಲಗಿಸಿದಳು. ಅವನಿಗೆ ಜ್ವರ ಏರಿತ್ತು. ಬಾಯಾರಿಕೆ, ಬಾಯಾರಿಕೆ ಎಂದು ಕನವರಿಸುತ್ತಿದ್ದ. ಮಧ್ಯೆ ಒಮ್ಮೆ ಕಣ್ಣು ಬಿಟ್ಟು ಅವಳ ಕೈ ಹಿಡಿದುಕೊಂಡ.

"ಅಕ್ಕ, ನಾನು ಗುರಿ ತಪ್ಪಲಿಲ್ಲ."

"ಗೊತ್ತು ಕಣೋ. ಸುಮ್ನೆ ಮಲ್ಕೋ."

"ಬಾಣ ತಾಗ್ತು. ನಾನೇ ಕಂಡೆ. ತಾಗ್ತು, ಒಳಗೆ ಹೋಗ್ಲಿಲ್ಲ. ಹುಲ್ಲು ಕೊಡವಿದ ಹಾಗೆ ಕೊಡವಿಬಿಡ್ತು."

ಆ ಬಾಣ ಮಾಡಿದ ಕೈ ಅವಳದು. ಬೋರಕ್ಕ ತನ್ನ ಕೈಯನ್ನು ನೋಡಿಕೊಂಡಳು.

ಹಟ್ಟಿಯ ಹಿರಿಯ ಪಾಲಜ್ಜ ಬಂದು ಕಾಟನ ಹಣೆ ಮುಟ್ಟಿ ನೋಡಿದ. ಹೊರಗೆ ಬಂದು ಬೋರಕ್ಕನ ಎದುರು ಕುಕ್ಕರಗಾಲಲ್ಲಿ ಕೂತ. "ಇನ್ನೂ ಜೋರಾಗಿ ಹೋಗಬೇಕು ಮಗಳೆ. ಇನ್ನೂ ಹಗುರ ಮಾಡು. ಮಿಂಚಿನ ಹಾಗೆ ಹೋದ್ರೆ ಯಾವ ಚಕ್ಕೆಯಾದ್ರೂ ಸೀಳದೆ ಇರುತ್ತಾ?"

ಅವಳಿಗೂ ಹಾಗೆಯೇ ಅನ್ನಿಸಿತು. ಬೆಳಗ್ಗೆ ಎದ್ದು ಒಣಗಿದ ದಂಟೊಂದನ್ನು ಹೆರೆದಳು, ಇನ್ನೂ ಹೆರೆದಳು. ಗರಿಗಿಂತ ಹಗುರವಾಯಿತು. ಅಪ್ಪನ ಬಿಲ್ಲಿಗೆ ಹೂಡಿ ಕಿವಿಯ ತನಕ ಎಳೆದು ಬಿಟ್ಟಳು.

ಬಾಣ ಎಲ್ಲಿ ಹೋಯಿತೋ ಕಾಣಲೇ ಇಲ್ಲ. ಬಿಲ್ಲು ಮಾತ್ರ "ಅಯ್ಯಯ್ಯೋ!" ಎಂದು ಕಿರುಚಿತು. ಅವಳ ಮೊಣಕೈ ತನಕ ಜುಮ್ಮೆಂದಿತು.

"ಏನಾಯ್ತು?" ಎಂದಳು ಬೋರಕ್ಕ ಗಾಬರಿಯಿಂದ.

ಬಿಲ್ಲು ಸ್ವಲ್ಪ ಹೊತ್ತು ನಡುಗುತ್ತಲೇ ಇತ್ತು. ಆಮೇಲೆ ಹೇಳಿತು. "ಮಗಳೆ, ನೀನು ಹೆದೆ ಎಳೆದಾಗ ನಿನ್ನ ತೋಳಿನ ಕಸುವೆಲ್ಲ ನನ್ನೊಳಗೆ ತುಂಬ್ಕೊಳ್ಳುತ್ತೆ. ಬಿಟ್ಟಾಗ ಅದನ್ನ ಬಾಣಕ್ಕೆ ಕೊಡ್ತೀನಿ. ಅದೇ ನನ್ನ ಕೆಲಸ. ಆದ್ರೆ ಈ ಹುಲ್ಲುಕಡ್ಡಿಗೆ ನಿಂತು ಇಸ್ಕೊಳ್ಳೋ ವ್ಯವಧಾನ ಎಲ್ಲಿದೆ? ಚೂರು ಇಸ್ಕೊಂಡು ಓಡಿಬಿಡುತ್ತೆ. ಉಳಿದ ಕಸುವು ಎಲ್ಲಿಗೆ ಹೋಗಬೇಕು ಹೇಳು? ನನ್ನ ಮೈಯೊಳಗೇ ತಿರುಗಿ ನನ್ನನ್ನೇ ಗುದ್ದುತ್ತೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳ್ತಾನೇ ಇದ್ದೆ. ನೀವೆಲ್ಲ ಬಾಣದ ಹಿಂದೆ ಓಡ್ತಿದ್ರಿ."

ಬೋರಕ್ಕ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡಳು. ಬೆರಳಿನಿಂದ ಅದರ ಬೆನ್ನು ಸವರಿದಳು. ಅಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಅದಕ್ಕೆ ನಾರು ಸುತ್ತಿ, ಅಂಟು ಬಳಿದು ಒಣಗಲು ಬಿಟ್ಟಳು.

ಆಮೇಲೆ ಎದ್ದು ಕಗ್ಗಲಿ ಮರದ ಹತ್ತಿರ ಹೋದಳು. ಕಗ್ಗಲಿ ಭಾರದ ಮರ, ಯಾರೂ ಬಾಣಕ್ಕೆ ಮುಟ್ಟದ ಮರ. "ಒಂದು ಕೊಂಬೆ ಕೊಡ್ತೀಯಾ?" ಎಂದು ಕೇಳಿದಳು.

"ಬಾಣಕ್ಕಾ?" ಕಗ್ಗಲಿಗೆ ನಗು ಬಂತು. "ನಾನು ಹಾರಲ್ಲ ತಾಯಿ. ನೀರಿಗೆ ಹಾಕಿದ್ರೆ ಮುಳುಗ್ತೀನಿ."

"ಅಂಥದ್ದೇ ಬೇಕು" ಎಂದಳು ಬೋರಕ್ಕ.

ಕೊಂಬೆಯನ್ನು ಕೆತ್ತಿ, ಬೆಂಕಿಗೆ ಹಿಡಿದು ನೇರ ಮಾಡಿದಳು. ತುದಿಗೆ ಬೆಣಚುಕಲ್ಲಿನ ಅಲಗು ಕಟ್ಟಿದಳು, ಹಿಂದಕ್ಕೆ ನವಿಲುಗರಿ. ಮೊದಲ ಸಲ ಅತಿಯಾಯಿತು. ಒನಕೆಯಂತಿದ್ದ ಆ ಬಾಣ ಅವಳ ಕಾಲ ಬುಡದಲ್ಲೇ ಧೊಪ್ಪೆಂದು ಬಿತ್ತು. "ಬೆಟ್ಟ ಎತ್ತು ಅನ್ನಬೇಡ ಮಗಳೆ, ಅಷ್ಟು ಶಕ್ತಿ ನನಗಿಲ್ಲ" ಎಂದಿತು ಬಿಲ್ಲು. ಅವಳು ಮತ್ತೆ ಕೆತ್ತಿದಳು. ಕೈಯಲ್ಲಿ ಹಿಡಿದು, ತೂಗಿ, ಬಿಲ್ಲಿಗೆ ಕೇಳಿ, ಮತ್ತೆ ಕೆತ್ತಿದಳು.

ಕೊನೆಗೆ ಒಂದು ಬಾಣವನ್ನು ಹೂಡಿ ಬಿಟ್ಟಾಗ ಬಿಲ್ಲು ಕಿರುಚಲಿಲ್ಲ. ಹೊಟ್ಟೆ ತುಂಬಿದವರು ಉಸಿರು ಬಿಡುವಂತೆ "ಹೂಂ" ಎಂದಿತು, ಅಷ್ಟೇ. ಬಾಣ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಹೋಯಿತು, ಹುಲ್ಲುಬಾಣ ಹೋಗುವ ದೂರದ ಅರ್ಧಕ್ಕೇ ಇಳಿದುಬಿಟ್ಟಿತು. ನೋಡುತ್ತಿದ್ದವರು ನಕ್ಕರು. ಪಾಲಜ್ಜ ನಗಲಿಲ್ಲ, ಆದರೆ ತಲೆ ಅಲ್ಲಾಡಿಸಿದ.

ಗಾಳಿಯೂ ನಗಲಿಲ್ಲ.

"ಏನು, ಭಲೇ ಅನ್ನಲ್ವಾ?" ಎಂದಳು ಬೋರಕ್ಕ.

"ಯೋಚನೆ ಮಾಡ್ತಿದ್ದೀನಿ" ಎಂದಿತು ಗಾಳಿ. "ಹುಲ್ಲುಬಾಣ ಬಂದ್ರೆ ನಾನು ಅಂಗೈ ಅಡ್ಡ ಹಿಡಿದು ಆಟ ಆಡಿಸ್ತೀನಿ. ಹೊರಟಾಗ ಮಿಂಚು, ನೆಲ ಮುಟ್ಟೋ ಹೊತ್ತಿಗೆ ಅದರ ವೇಗವೆಲ್ಲ ನನ್ನ ಕೈಲಿ. ಇದಕ್ಕೂ ಅಡ್ಡ ಹಿಡಿದೆ. ನನ್ನನ್ನ ಪಕ್ಕಕ್ಕೆ ತಳ್ಳಿ ಹೋಯ್ತು. ಹೋಗಿ ನೋಡು, ಎಲ್ಲಿದೆ ಅಂತ."

ಹಂದಿಯ ಕಣ್ಣಿಗೆ ಬೀಳದಂತೆ ಅವಳು ಹೋಗಿ ನೋಡಿದಳು. ಹೊಳೆಯ ಆಚೆ ದೂರದಲ್ಲಿ ಹುಲ್ಲುಬಾಣಗಳು ನೆಲದ ಮೇಲೆ ಮಲಗಿದ್ದವು. ಕಗ್ಗಲಿ ಬಾಣ ಈಚೆ ದಡದಲ್ಲೇ ಇತ್ತು, ಗಟ್ಟಿ ಮಣ್ಣಿನೊಳಗೆ ಅರ್ಧಕ್ಕರ್ಧ ಹೂತಿತ್ತು. ಎರಡು ಕೈಯಲ್ಲಿ ಹಿಡಿದು ಎಳೆಯಬೇಕಾಯಿತು.

ಅದನ್ನು ಎಳೆಯುತ್ತಿರುವಾಗ ದಡದ ಬೇರಿನ ಮೇಲೆ ಯಾರೋ ಅಳುತ್ತಿರುವುದು ಕೇಳಿಸಿತು. ನೋಡಿದರೆ ಮಿಂಚುಳ್ಳಿ. ಮೈಯೆಲ್ಲ ಒದ್ದೆ, ಉದ್ದನೆಯ ಬಾಲ ಮುದ್ದೆಯಾಗಿತ್ತು.

"ಯಾಕೆ ತಂಗಿ?"

"ಈ ದಡದ ಬಿಲದಲ್ಲಿ ನನ್ನ ಮರಿಗಳಿವೆ ಅಕ್ಕ. ಹಂದಿ ಬಂದಮೇಲೆ ನೊಣಗಳಿಲ್ಲ. ಮೀನೆಲ್ಲ ಮಡುವಿನ ಆಳದಲ್ಲಿ. ರಾಡಿ ಚೂರು ಇಳಿದಾಗ ಮೇಲಿಂದ ನೋಡಿದ್ರೆ ಕಾಣುತ್ತೆ. ಎಷ್ಟು ಜೋರಾಗಿ ಬಿದ್ರೂ ನೀರು ಕೆನ್ನೆಗೆ ಬಾರಿಸಿ ಆಚೆ ನೂಕುತ್ತೆ." ಮಿಂಚುಳ್ಳಿ ಅವಳ ಕೈಯಲ್ಲಿದ್ದ ಬಾಣವನ್ನೇ ನೋಡುತ್ತಿತ್ತು. "ನಿನ್ನ ಈ ಬಾಣ ನಿಧಾನವಾಗಿ ಬಂತು. ಮಣ್ಣು ಅದನ್ನ ಒಳಗೆ ಬಿಟ್ಕೊಳ್ತು. ನನ್ನನ್ನ ನೀರೂ ಬಿಟ್ಕೊಳ್ಳಲ್ಲ. ಯಾಕಕ್ಕ?"

"ನಿಂಗೆ ಇರೋದು ಬರೀ ವೇಗ ಕಣೆ" ಎಂದಳು ಬೋರಕ್ಕ ಮೆಲ್ಲಗೆ. "ನನ್ನ ತಮ್ಮನ ಬಾಣಕ್ಕೂ ಅಷ್ಟೇ ಇದ್ದದ್ದು. ವೇಗದ ಹಿಂದೆ ತೂಕ ಇಲ್ದಿದ್ರೆ ಎದುರಿಗಿರೋರು ಒಂದು ಏಟಿಗೆ ನಿಲ್ಲಿಸಿಬಿಡ್ತಾರೆ."

ಅವಳಿಗೆ ಮಿಂಚುಳ್ಳಿಯ ಮರಿಗಳ ಸದ್ದು ಕೇಳಿಸುತ್ತಿತ್ತು. ಬಿಲದೊಳಗಿಂದ ಬರುವ ಸಣ್ಣ ಚೀರಾಟ. ಮನೆಯಲ್ಲಿ ಕಾಟನೂ ಹಾಗೆಯೇ ನೀರು ನೀರು ಅನ್ನುತ್ತಿದ್ದ.

"ಮೊದಲು ಹಂದಿಯ ಕೆಲಸ ಆಗ್ಲಿ" ಎಂದಳು. "ಆಮೇಲೆ ನಿನ್ನದು ನೋಡೋಣ. ಈ ಬಾಣ ದೂರ ಹೋಗಲ್ಲ, ಹಂದಿಯ ಹತ್ತಿರವೇ ಹೋಗಬೇಕು. ಅದು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅಂತ ಹೇಳ್ತೀಯಾ?"

"ಹೇಳ್ತೀನಿ" ಎಂದಿತು ಮಿಂಚುಳ್ಳಿ.

ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಬೋರಕ್ಕ ಮಡುವಿನ ಪಕ್ಕದ ಬಂಡೆಯ ಹಿಂದೆ ಕೂತಳು. ಹುಲ್ಲುಬಾಣದವರು ಹೀಗೆ ಕೂತವರಲ್ಲ. ದೂರದಿಂದ ಹೊಡೆದು ಓಡುವುದಷ್ಟೇ ಅವರಿಗೆ ಗೊತ್ತಿತ್ತು. ಅವಳಿಗೆ ಹಂದಿಯ ಉಸಿರು ಕೇಳಿಸುತ್ತಿತ್ತು, ಅದರ ಮೈಯ ವಾಸನೆ ಬರುತ್ತಿತ್ತು. ಬಾಣವನ್ನು ಹೆದೆಗೆ ಹೂಡಿಟ್ಟುಕೊಂಡಳು.

ಬಾಗಿದ ಕೊಂಬೆಯ ಮೇಲಿಂದ ಮಿಂಚುಳ್ಳಿ ಪಿಸುಗುಟ್ಟಿತು. "ಅಕ್ಕ, ನಿನ್ನ ಕಡೆಯೇ ತಿರುಗ್ತು."

ಬೋರಕ್ಕ ಎದ್ದು ನಿಂತಳು. ಹೊಡೆಯುವ ಮುಂಚೆ ಒಂದು ಮಾತು ಕೇಳಬೇಕು ಅನ್ನಿಸಿತು ಅವಳಿಗೆ.

"ಹಂದಿಯಣ್ಣ, ಈ ಮಡು ಎಲ್ಲರದೂ. ಆ ದಡ ನಿನಗಿರಲಿ, ಈ ದಡ ನಮಗೆ ಬಿಟ್ಟುಕೊಡು. ನನ್ನ ತಮ್ಮ ಬಾಯಾರಿ ಮಲಗಿದ್ದಾನೆ."

ಹಂದಿ ಅವಳ ಕೈ ಕಡೆ ನೋಡಿತು. "ಮತ್ತೆ ಕಡ್ಡಿ ತಂದಿದ್ದೀಯಾ? ನನ್ನ ಮೈಮೇಲಿನ ಚಕ್ಕೆ ನೋಡು. ಕೊಡು ಅಂತ ಕೇಳೋರು ಬಹಳ ಜನ ಬಂದ್ರು. ನಾನು ಕೊಟ್ಟಿಲ್ಲ."

ಅಂದದ್ದೇ ತಲೆ ತಗ್ಗಿಸಿ ನುಗ್ಗಿತು. ನೆಲ ಅದುರಿತು. ಬೋರಕ್ಕ ಹೆದೆಯನ್ನು ಕಿವಿಯ ತನಕ ಎಳೆದಳು. ಓಡು, ಓಡು ಎಂದಿತು ಅವಳ ಕಾಲು. ಇನ್ನೂ ಹತ್ತಿರ ಬರಲಿ ಎಂದಿತು ಕೈಯಲ್ಲಿದ್ದ ಭಾರ. ಹಂದಿಯ ಕಣ್ಣಿನ ರೆಪ್ಪೆ ಕಾಣುವಷ್ಟು ಹತ್ತಿರ ಬಂದಾಗ ಬಿಟ್ಟಳು.

"ಹೂಂ" ಎಂದಿತು ಬಿಲ್ಲು. ತನ್ನಲ್ಲಿದ್ದುದನ್ನೆಲ್ಲ ಕೊಟ್ಟುಬಿಟ್ಟಿತ್ತು.

ಬಾಣ ಹೆಗಲ ಚಕ್ಕೆಗೆ ತಾಗಿತು. ತಾಗಿ ನಿಲ್ಲಲಿಲ್ಲ. ಚಕ್ಕೆಯನ್ನು ಒಡೆದು, ತೊಗಲನ್ನು ಸೀಳಿ, ನವಿಲುಗರಿಯ ತನಕ ಒಳಗೆ ಹೋಯಿತು. ಹಂದಿ ಇನ್ನೂ ನಾಲ್ಕು ಹೆಜ್ಜೆ ಓಡಿ ಬಂದು, ಅವಳ ಎದುರಿಗೇ ಮಂಡಿಯೂರಿತು.

ಅದರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಬರೋದು ಕಾಣಿಸ್ತು" ಎಂದಿತು. "ನಿಧಾನವಾಗೇ ಬಂತು. ಆದ್ರೂ ತಡೆಯೋಕಾಗ್ಲಿಲ್ಲ."

ಬೋರಕ್ಕ ಅದರ ಪಕ್ಕದಲ್ಲಿ ಕೂತು, ಉಸಿರು ನಿಲ್ಲುವ ತನಕ ಹಣೆಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ದೂರದಿಂದ ಹೊಡೆದವರಿಗೆ ಹೊಡೆಸಿಕೊಂಡವರ ಮುಖ ಕಾಣುವುದಿಲ್ಲ. ಅವಳಿಗೆ ಕಂಡಿತ್ತು. ಆಮೇಲೆ ಎದ್ದು ಕೊಡ ತುಂಬಿಸಿ, ಕಾಟನಿಗೆ ನೀರು ಕುಡಿಸಲು ಹೋದಳು.

ಕಾಟ ಬದುಕಿಕೊಂಡ. ಮುಂದೆ ಅವನು ಕುಂಟುತ್ತಲೇ ನಡೆದ. ಆದರೆ ಅಕ್ಕನ ಪಕ್ಕ ಕೂತು ಕಗ್ಗಲಿ ಕೆತ್ತುವುದರಲ್ಲಿ ಅವನ ಕೈ ಪಳಗಿತು. ಪಾಲಜ್ಜ ಆ ಬಾಣವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಇಷ್ಟು ಭಾರ ಹೊರೋಕೆ ಧೈರ್ಯವೂ ಬೇಕು, ಹತ್ತಿರ ಹೋಗಬೇಕಲ್ಲ" ಎಂದ. ಅಂದಿನಿಂದ ಹಟ್ಟಿಯವರು ಹುಲ್ಲುಬಾಣವನ್ನು ಹಕ್ಕಿಗೆ, ಭಾರದ ಬಾಣವನ್ನು ದೊಡ್ಡ ಮಿಗಕ್ಕೆ ಎಂದು ಬೇರೆ ಬೇರೆ ಇಟ್ಟುಕೊಂಡರು.

ಬೋರಕ್ಕ ಮಾತು ಮರೆಯಲಿಲ್ಲ. ಮಡುವಿನ ದಡಕ್ಕೆ ಬಂದು ಮಿಂಚುಳ್ಳಿಯನ್ನು ಅಂಗೈ ಮೇಲೆ ಕೂರಿಸಿಕೊಂಡಳು. ನೀರು ತಿಳಿಯಾಗುತ್ತಿತ್ತು, ಆದರೆ ಜೊಂಡು ಮತ್ತೆ ಚಿಗುರಿ ನೊಣ ಬರುವ ತನಕ ಮರಿಗಳು ಉಳಿಯುವಂತಿರಲಿಲ್ಲ.

"ನಿನ್ನ ಮೈ ಇನ್ನೂ ಮೆತ್ತಗಿದೆ, ತಿದ್ದಬಹುದು" ಎಂದಳು. "ಆದ್ರೆ ಹೊಸದಾಗಿ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನಿನ್ನಲ್ಲಿರೋದನ್ನೇ ಒಂದು ಕಡೆಯಿಂದ ತೆಗೆದು ಕೊಕ್ಕಿನ ಹಿಂದೆ ಇಡಬೇಕು."

ಅಷ್ಟರಲ್ಲಿ ಕವಲುತೋಕೆ ಸುರ್ರೆಂದು ಇಳಿದು ಬಂತು. "ಬೇಡ ಕಣೆ!" ಎಂದಿತು. "ಭಾರವೆಲ್ಲ ತಲೆಗೆ ಬಂದ್ರೆ ನನ್ನ ಜೊತೆ ಮೋಡದ ತನಕ ಬರೋಕಾಗಲ್ಲ. ನಾಳೆ ನಾನು ಯಾರ ಜೊತೆ ಆಡಲಿ? ಬಾ, ಮರಿಗಳನ್ನ ಬಿಟ್ಟು ನೊಣ ಇರೋ ಊರಿಗೆ ಹೋಗೋಣ."

ಮಿಂಚುಳ್ಳಿ ಮೇಲೆ ನೋಡಿತು. ಮೋಡ ಬೆಳ್ಳಗೆ, ಎತ್ತರದಲ್ಲಿ, ನಿರಾಳವಾಗಿ ಹೋಗುತ್ತಿತ್ತು. ಬಿಲದ ಕಡೆ ನೋಡಿತು. ಚೀರಾಟ ಆಗಲೇ ಕ್ಷೀಣವಾಗಿತ್ತು.

"ನೀನು ಹಾರುವಾಗ ನಾನು ಕೆಳಗಿಂದ ನೋಡ್ತಿರ್ತೀನಿ" ಎಂದಿತು ಗೆಳತಿಗೆ. ಬೋರಕ್ಕನ ಕಡೆ ತಿರುಗಿ, "ಬಾಲದಿಂದ ತೆಗಿ ಅಕ್ಕ" ಎಂದಿತು.

ಬೋರಕ್ಕ ಬಾಲವನ್ನು ಒತ್ತಿ ಒತ್ತಿ ಮೋಟು ಮಾಡಿದಳು. ಅಲ್ಲಿ ಸಿಕ್ಕಿದ್ದನ್ನು ತಲೆಗೆ ಮೆತ್ತಿದಳು. ಕಾಲಿನಿಂದಲೂ ಒಂದಿಷ್ಟು ತೆಗೆದು ಕುತ್ತಿಗೆಯನ್ನು ದಪ್ಪ ಮಾಡಿದಳು. ಕೊಕ್ಕನ್ನು ಬಾಣದ ಅಲಗು ಎಳೆದ ಹಾಗೆ ಉದ್ದಕ್ಕೆ, ನೇರಕ್ಕೆ, ಚೂಪಿಗೆ ಎಳೆದಳು. ಕೈಯಲ್ಲಿಟ್ಟು ತೂಗಿದಳು. ಸ್ವಲ್ಪ ತೆಗೆದಳು, ಮತ್ತೆ ತೂಗಿದಳು.

ಮಿಂಚುಳ್ಳಿ ಮೊದಲ ಸಲ ಹಾರಿದಾಗ ಮುಗ್ಗರಿಸಿ ಮರಳಲ್ಲಿ ಬಿತ್ತು. ಎದ್ದು ಮೈ ಕೊಡವಿ, ಹೊಳೆಯ ಕಡೆ ಬಾಗಿದ ಕೊಂಬೆಯ ಮೇಲೆ ಹೋಗಿ ಕೂತಿತು. ಮೋಡದಿಂದ ಬೀಳುವ ಆಸೆ ಈಗ ಅದಕ್ಕಿರಲಿಲ್ಲ. ಹತ್ತಿರದಲ್ಲೇ ಸುಮ್ಮನೆ ಕೂತು ಕಾಯಬೇಕು ಅನ್ನುವುದನ್ನು ಬಂಡೆಯ ಹಿಂದೆ ಕೂತ ಬೋರಕ್ಕನಿಂದ ಕಲಿತಿತ್ತು. ತಲೆಯನ್ನು ಮೇಲೆ ಕೆಳಗೆ ಆಡಿಸಿ ಅಲ್ಲಿಗೆ ಬಂದ ಭಾರವನ್ನು ಅಂದಾಜು ಮಾಡಿಕೊಂಡಿತು. ಆಮೇಲೆ ಕಣ್ಣು ಮುಚ್ಚಿ, ರೆಕ್ಕೆ ಮಡಚಿ, ತಲೆಕೆಳಗಾಗಿ ಬಿದ್ದಿತು.

ನೀರು ಎಂದಿನಂತೆ ಹೊಡೆಯಲು ಕೈ ಎತ್ತಿತು. ಎತ್ತಿದ ಕೈ ಪಕ್ಕಕ್ಕೆ ಸರಿಯಿತು.

"ಬಾ ಒಳಗೆ" ಎಂದಿತು ಮಡು.

ಮಿಂಚುಳ್ಳಿ ಮೇಲೆ ಬಂದಾಗ ಕೊಕ್ಕಿನಲ್ಲಿ ಬೆಳ್ಳಿಯಂಥ ಮೀನೊಂದು ಒದ್ದಾಡುತ್ತಿತ್ತು. ಬಿಲದೊಳಗೆ ಆ ದಿನ ಊಟದ ಗಲಾಟೆಯೋ ಗಲಾಟೆ. ಕವಲುತೋಕೆ ಹೊಳೆಯ ಮೇಲೆ ಒಂದು ಸುತ್ತು ಹೊಡೆದು, ಗೆಳತಿಯ ಕೊಂಬೆಯ ಪಕ್ಕದಲ್ಲೇ ಹಾದು, ನಿಲ್ಲದೆ ಮೋಡದ ಕಡೆ ಹೋಯಿತು. ಅದರ ಮನಸ್ಸಿನಲ್ಲಿದ್ದದ್ದು ಸಿಟ್ಟೋ ದುಃಖವೋ ಮಿಂಚುಳ್ಳಿಗೆ ತಿಳಿಯಲಿಲ್ಲ. ಗೆಳತಿ ಮರೆಯಾಗುವ ತನಕ ನೋಡುತ್ತಿತ್ತು. ಆಮೇಲೆ ಮತ್ತೊಂದು ಮೀನಿಗೆ ಬಗ್ಗಿತು.

ಆ ಬೇಸಿಗೆಯಲ್ಲಿ ಭೂಮಿಯ ಹಸಿ ಆರಿತು. ಬೆಟ್ಟಗಳು ಕಲ್ಲಾದವು. ಪ್ರಾಣಿ ಪಕ್ಷಿಗಳ ಮೈ ಹೇಗಿತ್ತೋ ಹಾಗೆಯೇ ಗಟ್ಟಿಯಾಯಿತು, ಮುಂದೆ ಯಾರೂ ತಿದ್ದಲಾಗಲಿಲ್ಲ.

ಅದಕ್ಕೇ ಮಗು, ಕವಲುತೋಕೆ ಇಂದಿಗೂ ಕೆರೆಯ ನೀರನ್ನು ಕೊಕ್ಕಿನ ತುದಿಯಿಂದ ಗೀರಿಕೊಂಡು ಹೋಗುತ್ತದೆ, ಒಳಗಿಳಿಯುವುದಿಲ್ಲ. ಕೆರೆಯಂಚಿನ ತಂತಿಯ ಮೇಲೆ ಮೋಟು ಬಾಲ, ಪುಟ್ಟ ಕಾಲು, ಮೈಗಿಂತ ದೊಡ್ಡದೇನೋ ಅನ್ನಿಸುವ ತಲೆ ಹೊತ್ತು ಕೂತ ಮಿಂಚುಳ್ಳಿ ಮಾತ್ರ ತಲೆಯನ್ನು ಮೇಲೆ ಕೆಳಗೆ ಆಡಿಸಿ, ತನ್ನ ಭಾರವನ್ನೆಲ್ಲ ಕೊಕ್ಕಿನ ಹಿಂದೆ ಇಟ್ಟು ಬೀಳುತ್ತದೆ, ನೀರು ಅದಕ್ಕೆ ದಾರಿ ಬಿಡುತ್ತದೆ.